ಬೆಳ್ಳುಳ್ಳಿ ನುಂಗಬೇಡಿ, ಜಜ್ಜಿ ತಿನ್ನಿ

ಓದುಗರ ಪತ್ರ: ನಮ್ಮ ಮಾವನವರಿಗೆ ಅರವತ್ತು ದಾಟಿದೆ. ಬಿಪಿ ಮಾತ್ರೆಯ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಎಸಳು ಬೆಳ್ಳುಳ್ಳಿಯನ್ನು ಇಡಿಯಾಗಿ ಬಿಸಿನೀರಿನಲ್ಲಿ ನುಂಗಿದರೆ ಬಿಪಿ, ಕೊಲೆಸ್ಟ್ರಾಲ್ ಎರಡೂ ಇಳಿದು ಮಾತ್ರೆ ಬಿಡಬಹುದು ಎಂದು ವಾಟ್ಸ್ಯಾಪ್‌ನಲ್ಲಿ ಬಂದದ್ದನ್ನು ನಂಬಿ ಶುರು ಮಾಡಿದ್ದಾರೆ. ಈಗ ಎದೆಯುರಿ ಅನ್ನುತ್ತಾರೆ. ಅವರಿಗೆಂದೇ ಸುಲಿದ ಬೆಳ್ಳುಳ್ಳಿಯನ್ನು ಬಾಟಲಿಯಲ್ಲಿ ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯಲ್ಲಿ ಇಟ್ಟಿದ್ದೇನೆ. ಉಪ್ಪಿನಕಾಯಿಯನ್ನೂ ಹಾಕಿದೆ, ಅದು ಹಸಿರಾಗಿದೆ. ನಾದಿನಿ ಬಾಣಂತಿ, ಅವಳಿಗೂ ದಿನಾ ಬೆಳ್ಳುಳ್ಳಿ ಕೊಡುತ್ತಿದ್ದೇವೆ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು?

ಸಂಪಾದಕರ ಉತ್ತರ:

ಮಿಕ್ಕ ಮಾತಿಗಿಂತ ಮೊದಲು ಎರಡು ಕೆಲಸ ಇವತ್ತೇ ಆಗಬೇಕು. ಮಾವನವರು ಮಾತ್ರೆ ನಿಲ್ಲಿಸಿದ್ದಾರೋ ಎಂದು ಕೇಳಿ ತಿಳಿದುಕೊಳ್ಳಿ. ನಿಲ್ಲಿಸಿದ್ದರೆ ಇಂದೇ ಅವರ ವೈದ್ಯರೊಂದಿಗೆ ಮಾತನಾಡಿ. ಎರಡನೆಯದು, ಆ ಎಣ್ಣೆಯ ಬಾಟಲಿಯನ್ನು ಯಾರೂ ಬಳಸದಂತೆ ತೆಗೆದಿಡಿ. ಕೆಟ್ಟಿದೆಯೋ ಇಲ್ಲವೋ ಎಂದು ರುಚಿ ನೋಡುವುದೂ ಬೇಡ. ಕಾರಣವನ್ನು ಮುಂದೆ ಹೇಳುತ್ತೇವೆ.

ಇಡಿ ಎಸಳನ್ನು ಮೂಸಿ ನೋಡಿ, ಹೆಚ್ಚು ವಾಸನೆಯಿಲ್ಲ. ಜಜ್ಜಿದ ಕೂಡಲೇ ಘಾಟು ಮೂಗಿಗೆ ಹೊಡೆಯುತ್ತದೆ. ಬೆಳ್ಳುಳ್ಳಿಯ ಗುಣವೆಲ್ಲ ಈ ವ್ಯತ್ಯಾಸದಲ್ಲಿದೆ. ಎಸಳಿನೊಳಗೆ ಆಲಿಯಿನ್ ಎಂಬ ಗಂಧಕವಿರುವ ವಸ್ತು ಒಂದು ಕಡೆ, ಆಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಇರುತ್ತವೆ. ಜಜ್ಜಿದಾಗ, ಹೆಚ್ಚಿದಾಗ, ಅಗಿದಾಗ ಜೀವಕೋಶಗಳು ಒಡೆದು ಎರಡೂ ಸೇರಿ ಆಲಿಸಿನ್ ಹುಟ್ಟುತ್ತದೆ. ಘಾಟೂ ಅದರದೇ, ರೋಗಾಣುಗಳನ್ನು ತಡೆಯುವ ಶಕ್ತಿಯೂ ಅದರದೇ. ಅಮೆರಿಕದ ರಸಾಯನಶಾಸ್ತ್ರಜ್ಞ ಚೆಸ್ಟರ್ ಕ್ಯಾವಲಿಟೊ ಮತ್ತು ಅವರ ಸಹೋದ್ಯೋಗಿ ಇದನ್ನು 1944ರಲ್ಲಿ ಬೇರ್ಪಡಿಸಿ ತೋರಿಸಿದರು.

ಮಾವನವರು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಇಡಿಯಾಗಿ ನುಂಗಿದ ಎಸಳು ಒಡೆಯದೆ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ತಡವಾಗಿ ಒಡೆದರೂ ಜಠರದ ಆಮ್ಲದಲ್ಲಿ ಆ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಿಗುವ ಲಾಭ ಕಡಿಮೆ, ಖಾಲಿ ಹೊಟ್ಟೆಯಲ್ಲಿ ಉರಿ ಮಾತ್ರ ಖಂಡಿತ. ಅವರ ಎದೆಯುರಿಯನ್ನು ‘ದೇಹ ಶುದ್ಧಿಯಾಗುತ್ತಿದೆ’ ಎಂದು ಯಾರಾದರೂ ಅರ್ಥ ಹೇಳಿದರೆ ನಂಬಬೇಡಿ. ಅದು ಅನ್ನನಾಳ ಉರಿಯುತ್ತಿರುವ ಸೂಚನೆ ಅಷ್ಟೆ.

ಮಾವನವರ ವೈದ್ಯರು ಒಪ್ಪಿದರೆ ಕ್ರಮ ಹೀಗಿರಲಿ. ಎಸಳು ಸುಲಿದು ಕುಟ್ಟಾಣಿಯಲ್ಲಿ ಚೆನ್ನಾಗಿ ಜಜ್ಜಿ, ಹತ್ತು ನಿಮಿಷ ಹಾಗೆಯೇ ಬಿಡಿ. ಆಮೇಲೆ ಊಟದ ಮೊದಲ ತುತ್ತುಗಳಲ್ಲಿ ಕಲಸಿಕೊಂಡು ತಿನ್ನಲಿ. ಹತ್ತು ನಿಮಿಷ ಏಕೆಂದರೆ, ಆ ಕಿಣ್ವಕ್ಕೆ ಬಿಸಿಯೂ ಆಗದು, ಹುಳಿಯೂ ಆಗದು. ಜಜ್ಜಿದ ತಕ್ಷಣ ಬಿಸಿ ಎಣ್ಣೆಗೆ ಹಾಕಿದರೆ ಅಥವಾ ನಿಂಬೆರಸ ಹಿಂಡಿದರೆ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಾಯಿಸುವ ಮೊದಲು ಹತ್ತು ನಿಮಿಷ ಬಿಟ್ಟರೆ ಗುಣ ಒಂದಷ್ಟು ಉಳಿಯುತ್ತದೆ ಎಂದು ಅಮೆರಿಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಕಂಡುಬಂದಿದೆ. ಹಾಗಾಗಿ ಸಾರಿಗೆ ಒಗ್ಗರಣೆ ಹಾಕುವ ದಿನ ಮೊದಲು ಬೆಳ್ಳುಳ್ಳಿ ಜಜ್ಜಿಟ್ಟು, ಆಮೇಲೆ ಬೇಳೆ ಕಡೆಯಲು, ಸೊಪ್ಪು ಬಿಡಿಸಲು ಕೂತರೆ ಹತ್ತು ನಿಮಿಷ ತಾನಾಗಿ ಕಳೆಯುತ್ತದೆ.

ಬೇಯಿಸಿದ ಬೆಳ್ಳುಳ್ಳಿ ಪೂರಾ ವ್ಯರ್ಥ ಎಂದೂ ಹೇಳಲಾಗದು. ಹಸಿ ಬೆಳ್ಳುಳ್ಳಿಯಿಂದ ಮೈಗೆ ಸೇರುವ ಆಲಿಸಿನ್ ಅಂಶಕ್ಕೆ ಹೋಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೀರಿನಲ್ಲಿ ಬೇಯಿಸಿದ್ದರಿಂದ ಸುಮಾರು ಶೇ. 16, ಸುಟ್ಟದ್ದರಿಂದ ಸುಮಾರು ಶೇ. 30 ದಕ್ಕಿತು. ಹಸಿ ಬೆಳ್ಳುಳ್ಳಿ ಒಗ್ಗದವರು ಬೇಯಿಸಿದ್ದನ್ನೇ ತಿನ್ನಲಿ. ಹಸಿಯದೇ ಬೇಕು ಎಂಬ ಹಟ ಬೇಡ.

ಎಷ್ಟು ತಿನ್ನಬೇಕು? ದಿನಕ್ಕೆ 2ರಿಂದ 5 ಗ್ರಾಂ ತಾಜಾ ಬೆಳ್ಳುಳ್ಳಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಔಷಧ ಸಸ್ಯಗಳ ಗ್ರಂಥದಲ್ಲಿರುವ ಪ್ರಮಾಣ. ‘ಎರಡು ಎಸಳು’ ಎಂಬ ಲೆಕ್ಕವನ್ನು ನೆಚ್ಚುವಂತಿಲ್ಲ. ಸಣ್ಣ ನಾಟಿ ಬೆಳ್ಳುಳ್ಳಿಯ ಎಸಳು ಒಂದು ಒಂದೂವರೆ ಗ್ರಾಂ ತೂಗಿದರೆ, ದಪ್ಪ ತಳಿಯ ಒಂದೇ ಎಸಳು ನಾಲ್ಕೈದು ಗ್ರಾಂ ಬರುತ್ತದೆ. ಒಂಟಿ ಎಸಳಿನ ಬೆಳ್ಳುಳ್ಳಿಗೆ ಹೆಚ್ಚು ಬೆಲೆ ಹೇಳುವವರಿದ್ದಾರೆ. ಸುಲಿಯುವುದು ಸುಲಭ, ನಿಜ. ಅಷ್ಟಕ್ಕೆ ಅದು ಬೇರೆಯೇ ಔಷಧಿಯಾಗುವುದಿಲ್ಲ.

ಇನ್ನು ಬಿಪಿ. ಇಲ್ಲಿ ಬೆಳ್ಳುಳ್ಳಿಯ ಪರವಾಗಿ ನಿಜವಾಗಿಯೂ ಹೇಳುವುದಿದೆ. ರಕ್ತದೊತ್ತಡ ಇದ್ದವರ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೇಲಿನ ಅಂಕಿ ಸುಮಾರು 8, ಕೆಳಗಿನದು ಸುಮಾರು 5 ಇಳಿದಿರುವುದು ಕಾಣುತ್ತದೆ. ಸಣ್ಣ ಸಂಗತಿಯೇನಲ್ಲ. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಕಡಿಮೆ ಜನರ ಮೇಲೆ, ಕೆಲವೇ ತಿಂಗಳು ನಡೆದವು. ಬಳಸಿದ್ದು ಬಹುಪಾಲು ಅಳತೆಯಿಟ್ಟ ಪುಡಿ ಅಥವಾ ಸಾರದ ಮಾತ್ರೆಗಳನ್ನು, ಅಡುಗೆಮನೆಯ ಎಸಳನ್ನಲ್ಲ. ಹಲವರು ತಮ್ಮ ಮಾಮೂಲಿ ಬಿಪಿ ಮಾತ್ರೆಯನ್ನು ನಿಲ್ಲಿಸದೆಯೇ ಅವನ್ನು ತೆಗೆದುಕೊಂಡಿದ್ದರು. 160 ಇದ್ದವರಿಗೆ 8 ಇಳಿದರೂ ಉಳಿಯುವುದು 152. ಮಾತ್ರೆಯ ಜೊತೆಗೆ ಬೆಳ್ಳುಳ್ಳಿ ಇರಬಹುದು, ಮಾತ್ರೆಯ ಬದಲಿಗೆ ಅಲ್ಲ.

ಕೊಲೆಸ್ಟ್ರಾಲ್ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಹೇಳಲಾಗದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 192 ಮಂದಿಗೆ ವಾರಕ್ಕೆ ಆರು ದಿನದಂತೆ ಆರು ತಿಂಗಳು ಹಸಿ ಬೆಳ್ಳುಳ್ಳಿ, ಎರಡು ಬಗೆಯ ಬೆಳ್ಳುಳ್ಳಿ ಮಾತ್ರೆ, ಹುಸಿ ಮಾತ್ರೆ ಹೀಗೆ ಗುಂಪು ಮಾಡಿ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ ಕೆಟ್ಟ ಕೊಲೆಸ್ಟ್ರಾಲ್ ಯಾವ ಗುಂಪಿನಲ್ಲೂ ಗಮನಾರ್ಹವಾಗಿ ಇಳಿಯಲಿಲ್ಲ. ಅಲ್ಪಸ್ವಲ್ಪ ಇಳಿಕೆ ತೋರಿಸಿದ ಬೇರೆ ಅಧ್ಯಯನಗಳೂ ಇವೆ. ಹಾಗೆಂದು ಬೆಳ್ಳುಳ್ಳಿಯನ್ನು ನಂಬಿ ಕೊಲೆಸ್ಟ್ರಾಲ್ ಮಾತ್ರೆ ಬಿಡುವಷ್ಟು ಆಧಾರ ಸಿಗುವುದಿಲ್ಲ.

ನಿಮ್ಮ ಪತ್ರದಲ್ಲಿ ನಮಗೆ ಹೆಚ್ಚು ಆತಂಕ ತಂದದ್ದು ಮಾವನವರ ಎರಡನೆಯ ಮಾತ್ರೆ. ಬೆಳ್ಳುಳ್ಳಿಗೂ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸುವ ಗುಣವಿದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರು ಅದರ ಮೇಲೆ ದಿನಾ ಹಸಿ ಬೆಳ್ಳುಳ್ಳಿಯನ್ನೋ ಅದರ ಕ್ಯಾಪ್ಸೂಲನ್ನೋ ಸೇರಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಸಾರು, ಪಲ್ಯ, ಚಟ್ನಿಯಲ್ಲಿ ಬೀಳುವಷ್ಟಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಔಷಧಿಯಂತೆ ಲೆಕ್ಕವಿಟ್ಟು ತಿನ್ನುವುದಾದರೆ ಮಾತ್ರ ವೈದ್ಯರ ಒಪ್ಪಿಗೆ ಬೇಕು. ಶಸ್ತ್ರಚಿಕಿತ್ಸೆಗೆ ಕನಿಷ್ಠ ಏಳು ದಿನ ಮುಂಚೆ ಇಂಥ ಸೇವನೆ ನಿಲ್ಲಿಸಬೇಕೆಂದು ಅರಿವಳಿಕೆ ತಜ್ಞರು ಹೇಳುತ್ತಾರೆ. ಹಲ್ಲು ಕೀಳಿಸುವಾಗಲೂ ದಂತವೈದ್ಯರಿಗೆ ತಿಳಿಸಬೇಕು. ಎಚ್‌ಐವಿಗೆ ಕೊಡುವ ಸಾಕ್ವಿನಾವಿರ್ ಎಂಬ ಔಷಧಿಯ ಮಟ್ಟವನ್ನು ಬೆಳ್ಳುಳ್ಳಿ ಮಾತ್ರೆ ರಕ್ತದಲ್ಲಿ ಅರ್ಧದಷ್ಟು ಇಳಿಸಿದ್ದು ದಾಖಲಾಗಿದೆ. ‘ನೈಸರ್ಗಿಕ, ಏನೂ ಆಗುವುದಿಲ್ಲ’ ಎನ್ನುವವರು ಇದನ್ನು ನೆನಪಿಡಬೇಕು.

ಈಗ ಎಣ್ಣೆಯ ಬಾಟಲಿ. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವ ಗಡ್ಡೆ. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಅದಕ್ಕೆ ಅಂಟಿಕೊಂಡು ಬರಬಹುದು. ಗಾಳಿ ಇರುವಾಗ ಅದು ಸುಮ್ಮನಿರುತ್ತದೆ. ಎಣ್ಣೆಯಲ್ಲಿ ಮುಳುಗಿಸಿದಾಗ ಗಾಳಿ ತಪ್ಪುತ್ತದೆ, ಎಸಳಿನ ತೇವ ಇದ್ದೇ ಇದೆ, ಹುಳಿ ಇಲ್ಲ, ಅಡುಗೆಮನೆಯ ಬೆಚ್ಚಗೆ ಬೇರೆ. ಅದು ಬೆಳೆದು ವಿಷ ಬಿಡಲು ಬೇಕಾದದ್ದೆಲ್ಲ ಒಂದೇ ಬಾಟಲಿಯಲ್ಲಿ ಸೇರಿದಂತಾಯಿತು. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗದೆ ಇರಬಹುದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಫ್ರಿಜ್‌ನಲ್ಲಿಡದ ಎಣ್ಣೆ ಬೆಳ್ಳುಳ್ಳಿಯಿಂದ ಮೂವತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 1989ರಲ್ಲಿ ಅಮೆರಿಕದಲ್ಲೂ ಹೀಗೇ ಆದ ಮೇಲೆ, ಅಂಗಡಿಯಲ್ಲಿ ಮಾರುವ ಎಣ್ಣೆ ಬೆಳ್ಳುಳ್ಳಿಗೆ ಆಮ್ಲ ಸೇರಿಸುವುದನ್ನು ಅಲ್ಲಿನ ಸರ್ಕಾರ ಕಡ್ಡಾಯ ಮಾಡಿತು.

ಎಣ್ಣೆ ಕಾಯಿಸಿ ಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಕುದಿಯುವ ನೀರಿನ ಬಿಸಿಗೂ ಆ ಬೀಜಾಣು ಸಾಯುವುದಿಲ್ಲ. ಅದನ್ನು ಕೊಲ್ಲಲು ಕಾರ್ಖಾನೆಗಳಲ್ಲಿ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಡುತ್ತಾರೆ. ಬೆಳ್ಳುಳ್ಳಿ ಎಣ್ಣೆ ಬೇಕಾದರೆ ಬೇಕಾದಷ್ಟೇ ಮಾಡಿ, ತಕ್ಷಣ ಫ್ರಿಜ್‌ನಲ್ಲಿಡಿ, ನಾಲ್ಕು ದಿನದೊಳಗೆ ಮುಗಿಸಿ, ಮಿಕ್ಕಿದ್ದನ್ನು ಎಸೆಯಿರಿ. ಫ್ರೀಜರ್‌ನಲ್ಲಿ ಗಟ್ಟಿ ಮಾಡಿಟ್ಟರೆ ತಿಂಗಳುಗಟ್ಟಲೆ ಇಡಬಹುದು. ಈಗಾಗಲೇ ಯಾರಾದರೂ ಆ ಎಣ್ಣೆ ತಿಂದಿದ್ದು, ಕಣ್ಣು ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಇವುಗಳಲ್ಲಿ ಯಾವುದೇ ಕಂಡರೂ ಒಂದು ಗಳಿಗೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಲಕ್ಷಣ ಶುರುವಾಗುತ್ತದೆ, ಕೆಲವರಲ್ಲಿ ಕೆಲವು ದಿನ ತಡವಾಗಿಯೂ ಕಾಣಿಸುತ್ತದೆ. ಎಣ್ಣೆ ಬೆಳ್ಳುಳ್ಳಿ ತಿಂದ ವಿಷಯವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಉಪ್ಪಿನಕಾಯಿ ಹಸಿರಾದದ್ದಕ್ಕೆ ಹೆದರಬೇಡಿ. ಬೆಳ್ಳುಳ್ಳಿಯ ಗಂಧಕದ ಅಂಶವೂ ಅದರದೇ ಅಮೈನೊ ಆಮ್ಲಗಳೂ ಹುಳಿಯಲ್ಲಿ ಕೂಡಿದಾಗ ಹಸಿರು, ಒಮ್ಮೊಮ್ಮೆ ನೀಲಿ ಬಣ್ಣ ಬರುತ್ತದೆ. ತಣ್ಣಗಿನ ಜಾಗದಲ್ಲಿ ಬಹಳ ದಿನ ಇಟ್ಟ ಗಡ್ಡೆಯಲ್ಲಿ ಇದು ಹೆಚ್ಚು. ಚೀನಾದ ಉತ್ತರ ಭಾಗದಲ್ಲಿ ಬೇಕೆಂದೇ ವಿನೆಗರ್‌ನಲ್ಲಿ ನೆನೆಸಿ ಹಸಿರು ಮಾಡಿ ತಿನ್ನುತ್ತಾರೆ. ಬಣ್ಣ ಬೇಡವಾದರೆ ಫ್ರಿಜ್‌ನಲ್ಲಿ ಇಡದ, ಚೆನ್ನಾಗಿ ಒಣಗಿದ ಗಡ್ಡೆ ಆರಿಸಿ. ಬೂಸ್ಟು, ಲೋಳೆ, ಕೆಟ್ಟ ವಾಸನೆ ಕಂಡರೆ ಎಸೆಯಬೇಕು. ಆದರೆ ಹಾಕುವ ಕ್ರಮದ ಬಗ್ಗೆ ಒಂದು ಮಾತು: ಮೊದಲು ಎಸಳುಗಳು ಪೂರ್ತಿ ಮುಳುಗುವಷ್ಟು ನಿಂಬೆರಸ ಮತ್ತು ಉಪ್ಪಿನಲ್ಲಿ ಮೂರು ನಾಲ್ಕು ದಿನ ಫ್ರಿಜ್‌ನಲ್ಲಿ ನೆನೆಯಲಿ, ಹುಳಿ ಒಳಗಿನವರೆಗೂ ಇಳಿಯಲಿ, ಎಣ್ಣೆ ಖಾರ ಆಮೇಲೆ. ದಪ್ಪ ಎಸಳನ್ನು ಸೀಳಿ ಹಾಕಿ. ಹುಳಿ ಹಿಡಿಯುವ ಮೊದಲೇ ಎಣ್ಣೆ ಸುರಿದರೆ ಉಪ್ಪಿನಕಾಯಿಗೂ ಆ ಬಾಟಲಿಗೂ ವ್ಯತ್ಯಾಸ ಉಳಿಯುವುದಿಲ್ಲ; ನೀವು ಹಾಗೆ ಹಾಕಿದ್ದರೆ ಅದನ್ನೂ ಬಳಸಬೇಡಿ. ಸಿದ್ಧವಾದ ಮೇಲೂ ಫ್ರಿಜ್‌ನಲ್ಲೇ ಇಡಿ.

ಮಾವನವರ ತಟ್ಟೆಗೆ ಆ ಉಪ್ಪಿನಕಾಯಿ ದಿನಾ ಬೀಳುತ್ತಿದ್ದರೆ ಬೆಳ್ಳುಳ್ಳಿಯಿಂದ ಆದ ಉಪಕಾರವನ್ನು ಉಪ್ಪು ಅಳಿಸಿಹಾಕುತ್ತದೆ. ಇಡೀ ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಮೀರಬಾರದು. ಅವರಿಗೆ ಶೇಂಗಾ ಚಟ್ನಿಯೇ ಮೇಲು. ಕಾಲು ಕಿಲೊ ಹುರಿದ ಶೇಂಗಾಕ್ಕೆ ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಖಾರದ ಪುಡಿ, ಜೀರಿಗೆ, ಎಂದಿನದರಲ್ಲಿ ಅರ್ಧ ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿ. ಮಿಕ್ಸಿಗೆ ಹಾಕಿದರೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದರಲ್ಲಿ ಬೆಳ್ಳುಳ್ಳಿ ಹಸಿಯಾಗಿಯೇ ಉಳಿಯುತ್ತದೆ, ಜೋಳದ ರೊಟ್ಟಿಯ ಜೊತೆ ಹೋಗುವುದರಿಂದ ಹೊಟ್ಟೆಯನ್ನೂ ಉರಿಸುವುದಿಲ್ಲ. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ.

ಬಾಣಂತಿಗೆ ಬೆಳ್ಳುಳ್ಳಿ ಕೊಡುವುದು ತಲೆಮಾರುಗಳ ರೂಢಿ, ಅಡುಗೆಯ ಪ್ರಮಾಣದಲ್ಲಿ ತಪ್ಪೇನಿಲ್ಲ. ಅದರಿಂದ ಹಾಲು ಹೆಚ್ಚುತ್ತದೆ ಎಂಬುದು ಮಾತ್ರ ಸಾಬೀತಾಗಿಲ್ಲ. ತಾಯಿ ಬೆಳ್ಳುಳ್ಳಿ ತಿಂದ ಎರಡು ಗಂಟೆಯ ಹೊತ್ತಿಗೆ ಹಾಲಿಗೆ ಅದರ ವಾಸನೆ ಬರುತ್ತದೆ, ಆಗ ಕೂಸು ಮೊಲೆಯನ್ನು ಹೆಚ್ಚು ಹೊತ್ತು ಹಿಡಿದಿರುತ್ತದೆ ಎಂದು 1991ರ ಒಂದು ಅಧ್ಯಯನದಲ್ಲಿ ಕಂಡಿದೆ. ಬೆಳ್ಳುಳ್ಳಿಯನ್ನು ಹಾಲಿನ ಮೂಲಕ ದಾಟಿಸಬಹುದು ಎಂಬುದು ಹಳೆಯ ವೈದ್ಯರಿಗೂ ಗೊತ್ತಿತ್ತು. 1890ರಲ್ಲಿ ಮಧ್ಯ ಏಷ್ಯಾದ ಕುಚಾದಲ್ಲಿ ಸಿಕ್ಕ, ಬೋವರ್ ಹಸ್ತಪ್ರತಿ ಎಂದು ಹೆಸರಾದ ಸಂಸ್ಕೃತ ವೈದ್ಯಗ್ರಂಥ ಶುರುವಾಗುವುದೇ ಬೆಳ್ಳುಳ್ಳಿಯಿಂದ. ಬೆಳ್ಳುಳ್ಳಿ ತಿನ್ನದ ಬ್ರಾಹ್ಮಣರಿಗೆ ಅದು ಹೇಳುವ ಉಪಾಯ, ಹಸುವಿಗೆ ಬೆಳ್ಳುಳ್ಳಿ ಬೆರೆಸಿದ ಮೇವು ತಿನ್ನಿಸಿ ಅದರ ಹಾಲು ಮೊಸರು ಸೇವಿಸುವುದು.

ಕೂಸಿನ ಮೈಗೆ ಮಾತ್ರ ಹಸಿ ಬೆಳ್ಳುಳ್ಳಿ ತಾಗಿಸಬೇಡಿ. ನೆಗಡಿಗೆಂದು ಅಂಗಾಲಿಗೆ, ಎದೆಗೆ ಜಜ್ಜಿ ಕಟ್ಟಿದ ಬೆಳ್ಳುಳ್ಳಿಯಿಂದ ಮಕ್ಕಳ ಚರ್ಮ ಬೊಬ್ಬೆ ಎದ್ದು ಸುಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ಇವೆ. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡುವುದೂ ಬೇಡ, ತಮಟೆ ತೂತಾಗಿದ್ದರೆ ಅದು ಒಳಗಿಳಿಯುತ್ತದೆ.

ಹೊಟ್ಟೆಯುಬ್ಬರ ಇರುವವರಿಗೆ ಬೆಳ್ಳುಳ್ಳಿ ಆಗಿಬರದಿರುವುದಕ್ಕೆ ಕಾರಣ ಅದರಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ. ಅದು ಸಣ್ಣ ಕರುಳಿನಲ್ಲಿ ಕರಗದೆ ಮುಂದೆ ಹೋಗಿ ಗ್ಯಾಸಾಗುತ್ತದೆ. ಫ್ರಕ್ಟಾನ್ ಎಣ್ಣೆಯಲ್ಲಿ ಕರಗುವುದಿಲ್ಲ. ಅಂಥವರಿಗೆ ಒಗ್ಗರಣೆಯಲ್ಲಿ ಎಸಳು ಹುರಿದು, ಎಸಳನ್ನು ತೆಗೆದು, ಘಮ ಹಿಡಿದ ಎಣ್ಣೆಯನ್ನಷ್ಟೇ ಬಳಸಿ. ಬಾಯಿ ವಾಸನೆ ಹಲ್ಲುಜ್ಜಿದರೂ ಹೋಗದಿರುವುದು ಅದು ರಕ್ತ ಸೇರಿ ಉಸಿರಿನಲ್ಲಿ ಬರುವುದರಿಂದ. ಊಟದ ಜೊತೆಯಲ್ಲೇ ಹಾಲು ಕುಡಿದರೆ ಅಥವಾ ಹಸಿ ಪುದಿನ, ಸೇಬು ತಿಂದರೆ ತಗ್ಗುತ್ತದೆ.

ಗಡ್ಡೆಗಳನ್ನು ಸುಲಿಯದೆ ಬಲೆಚೀಲದಲ್ಲಿ, ಗಾಳಿಯಾಡುವ ಒಣ ಜಾಗದಲ್ಲಿ ತೂಗುಹಾಕಿ. ಫ್ರಿಜ್‌ನಲ್ಲಿಟ್ಟ ಇಡಿ ಗಡ್ಡೆ ಹೊರತೆಗೆದ ಮೇಲೆ ಬೇಗ ಮೊಳೆಯುತ್ತದೆ. ಮೊಳೆತದ್ದನ್ನು ತಿನ್ನಬಹುದು, ನಡುವಿನ ಹಸಿರು ಕುಡಿ ಕಹಿ ಅನ್ನಿಸಿದರೆ ತೆಗೆದುಬಿಡಿ. ಒತ್ತಿದರೆ ಮೆತ್ತಗಾಗುವ, ಒಳಗೆ ಕಪ್ಪು ಬೂಸ್ಟು ಹಿಡಿದ ಎಸಳು ಮಾತ್ರ ತಿಪ್ಪೆಗೆ.