ಕ್ಯಾಮೆರಾ ಪ್ರಶ್ನೋತ್ತರ: ಹಳೆಯ ರೇಂಜ್‌ಫೈಂಡರ್ ಲೆನ್ಸ್ ಕೊಳ್ಳುವ ಮುನ್ನ

ಪ್ರಶ್ನೆ: ಚಿಕ್ಕಪೇಟೆಯ ಸಂಡೇ ಬಜಾರ್‌ನಲ್ಲಿ ಒಂದು ಹಳೆಯ ಕ್ಯಾಮೆರಾ ನೋಡಿದೆ. ಮೈಯೆಲ್ಲ ಚಿನ್ನದ ಬಣ್ಣ, ಮೇಲೆ ‘ಲೈಕಾ’ ಎಂಬ ಕೆತ್ತನೆ, ಜೊತೆಗೊಂದು ಹದ್ದಿನ ಮುದ್ರೆ. ಲೆನ್ಸ್ ಮೇಲೆ ‘ಎಲ್ಮಾರ್ 5 ಸೆಂ.ಮೀ. 1:3.5’ ಎಂದಿದೆ. ಕ್ಯಾಮೆರಾ ಹೇಗೇ ಇರಲಿ, ಲೆನ್ಸ್ ಆದರೂ ಅಸಲಿಯೇ? ಮಾರುವವರು ಕೈಗೆ ಕೊಟ್ಟು ನೋಡಲು ಬಿಡುತ್ತಾರೆ.
– ಓದುಗರು, ಬಸವನಗುಡಿ

ಉತ್ತರ: ಲೈಕಾ ಜರ್ಮನಿಯ ರೇಂಜ್‌ಫೈಂಡರ್ ಕ್ಯಾಮೆರಾ (ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವಂಥದ್ದು), ಎಲ್ಮಾರ್ ಅದರ ಲೆನ್ಸ್. ಆದರೆ ಕೆತ್ತನೆಯನ್ನು ನಂಬಬೇಡಿ. ಅಕ್ಷರ ಕೆತ್ತುವುದು ಸುಲಭ, ಗಾಜಿನ ಜೋಡಣೆ ಬದಲಿಸುವುದು ಕಷ್ಟ. ಚಿನ್ನದ ಬಣ್ಣ, ಹದ್ದು, ಯುದ್ಧಕಾಲದ ಜರ್ಮನ್ ಸೇನೆಯ ಹೆಸರು ಇರುವ ‘ಲೈಕಾ’ಗಳಲ್ಲಿ ಹೆಚ್ಚಿನವು ಸೋವಿಯತ್ ಒಕ್ಕೂಟದ ಫೆಡ್ ಅಥವಾ ಝೋರ್ಕಿ ಕ್ಯಾಮೆರಾಗಳು. ಹಳೆಯ ಹೆಸರನ್ನು ಉಜ್ಜಿ ತೆಗೆದು ಹೊಸದನ್ನು ಕೆತ್ತಿರುತ್ತಾರೆ.

ಮೊದಲು ಲೆನ್ಸ್ ಅನ್ನು ತಿರುಗಿಸಿ ಬಿಚ್ಚಿ ಬಾಡಿಯ ಒಳಗೆ ನೋಡಿ. ಮೇಲ್ಭಾಗದಲ್ಲಿ ಲೆನ್ಸ್‌ನ ಹಿಂಬದಿಗೆ ತಾಗುವ ಒಂದು ಪುಟ್ಟ ಸನ್ನೆ (ಲಿವರ್) ಇರುತ್ತದೆ. ಅಸಲಿ ಲೈಕಾದಲ್ಲಿ ಅದರ ತುದಿಗೆ ತಿರುಗುವ ದುಂಡನೆಯ ಚಕ್ರವಿದೆ. ಫೆಡ್, ಝೋರ್ಕಿಗಳಲ್ಲಿ ಚಕ್ರವಿಲ್ಲ, ಬೆಣೆಯಂಥ ಲೋಹದ ತುಂಡಿದೆ. ಬೆಣೆ ಕಂಡರೆ ಬಾಡಿಯ ಮಾತು ಅಲ್ಲಿಗೆ ಮುಗಿಯಿತು.

ಬಾಡಿ ನಕಲಿಯಾದರೂ ಲೆನ್ಸ್ ಅಸಲಿ ಇರಬಹುದು, ಹಾಗಾಗಿ ಅದನ್ನು ಬೇರೆಯಾಗಿಯೇ ಪರೀಕ್ಷಿಸಿ. ಎಲ್ಮಾರ್‌ಗೂ ಅದರಂತೆಯೇ ಕಾಣುವ ಫೆಡ್, ಇಂಡಸ್ಟಾರ್-22 ಲೆನ್ಸ್‌ಗಳಿಗೂ ನಾಲ್ಕೇ ಗಾಜು. ವ್ಯತ್ಯಾಸ ಇರುವುದು ಅಪರ್ಚರ್ (ಬೆಳಕು ಹಾಯುವ ಕಂಡಿ) ಹಿರಿದು ಕಿರಿದು ಮಾಡುವ ಬ್ಲೇಡುಗಳ ಜಾಗದಲ್ಲಿ. ಎಲ್ಮಾರ್‌ನಲ್ಲಿ ಬ್ಲೇಡುಗಳು ಮೊದಲ ಗಾಜಿನ ಹಿಂದೆಯೇ ಇವೆ, ಸೋವಿಯತ್ ಲೆನ್ಸ್‌ನಲ್ಲಿ ಎರಡನೆಯ ಗಾಜಿನ ಹಿಂದೆ. ಅಪರ್ಚರ್ ಅನ್ನು ಪೂರ್ತಿ ಕಿರಿದು ಮಾಡಿ, ಸಣ್ಣ ಎಲ್‌ಇಡಿ ಟಾರ್ಚನ್ನು ಮುಂದಿನಿಂದ ಸ್ವಲ್ಪ ಓರೆಯಾಗಿ ಹಿಡಿಯಿರಿ. ಗಾಜಿನ ಪ್ರತಿ ಮೇಲ್ಮೈಯೂ ಟಾರ್ಚಿನ ಒಂದು ಬಿಂಬವನ್ನು ಹಿಂದಿರುಗಿಸುತ್ತದೆ. ಟಾರ್ಚನ್ನು ಅಲುಗಿಸಿದರೆ ಬಿಂಬಗಳೂ ಓಡಾಡುತ್ತವೆ, ಎಣಿಸುವುದು ಸುಲಭ. ಬ್ಲೇಡುಗಳ ಮುಂದೆ ಎರಡೇ ಬಿಂಬ ಆಡಿದರೆ ಎಲ್ಮಾರ್ ವಿನ್ಯಾಸ. ನಾಲ್ಕು ಆಡಿದರೆ ಮೇಲೆ ಏನೇ ಬರೆದಿರಲಿ, ಅದು ಎಲ್ಮಾರ್ ಅಲ್ಲ. ಸಂತೆಯ ಗದ್ದಲದಲ್ಲಿ ನಿಂತು ಮಾಡಬಹುದಾದ ಪರೀಕ್ಷೆಗಳಲ್ಲಿ ಇದರಷ್ಟು ಖಚಿತವಾದದ್ದು ಬೇರೆ ಕಾಣೆ.

ನಾಲ್ಕು ಬಿಂಬ ಕಂಡ ಮಾತ್ರಕ್ಕೆ ಬಿಟ್ಟು ಬರಬೇಕಿಲ್ಲ. ಇಂಡಸ್ಟಾರ್-22 ಒಳ್ಳೆಯ ಲೆನ್ಸ್. ಇಂಡಸ್ಟಾರ್ ಬೆಲೆಗೆ ಕೊಟ್ಟರೆ ಕೊಳ್ಳಿ, ಎಲ್ಮಾರ್ ಬೆಲೆಗೆ ಬೇಡ.

ಪ್ರಶ್ನೆ: ಜುಪಿಟರ್-8, 50 ಎಂ.ಎಂ. ಎಫ್/2 ಲೆನ್ಸ್ ನೋಡಿಟ್ಟಿದ್ದೇನೆ. ಒಳಗೆ ಜೇಡರ ಬಲೆಯ ಹಾಗೆ ಏನೋ ಇದೆ. ಮಾರುವವರು ‘ಕ್ಲೀನ್ ಮಾಡಿದರೆ ಹೋಗುತ್ತೆ’ ಅನ್ನುತ್ತಾರೆ. ನಂಬಬಹುದೇ?
– ಓದುಗರು, ಮಲ್ಲೇಶ್ವರ

ಉತ್ತರ: ಅದು ಬೂಷ್ಟು. ಹೋಗುತ್ತದೋ ಇಲ್ಲವೋ ಎನ್ನುವುದು ಅದು ಯಾವ ಮೇಲ್ಮೈ ಮೇಲಿದೆ, ಎಷ್ಟು ಕಾಲದಿಂದ ಇದೆ ಎಂಬುದರ ಮೇಲೆ ನಿಂತಿದೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಕಿ ಮುಂದಿನಿಂದ ನೋಡಿ, ಆಮೇಲೆ ಅದನ್ನೇ ತಿರುಗುಮುರುಗು ಮಾಡಿ. ಬೇರಿನಂತೆ ಕವಲೊಡೆದ ಎಳೆಗಳಿದ್ದರೆ ಬೂಷ್ಟು. ಇಡೀ ಗಾಜು ಉಸಿರು ಬಿಟ್ಟಂತೆ ಮಂಕಾಗಿದ್ದರೆ ಅದು ಗ್ರೀಸ್ ಆವಿ ಕೂತ ಮಬ್ಬು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟೆಯೋ ಎಣ್ಣೆ ಹನಿಯಂಥ ಆಕಾರವೋ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಟ್ಟುಕೊಂಡಿದೆ ಎಂದರ್ಥ.

ಜುಪಿಟರ್-8ರಲ್ಲಿ ಒಟ್ಟು ಆರು ಗಾಜು, ಮೂರು ಗುಂಪು: ಮುಂದೆ ಒಂಟಿ ಗಾಜು, ಅದರ ಹಿಂದೆ ಅಂಟಿಸಿದ ಮೂರು, ಕೊನೆಯಲ್ಲಿ ಅಂಟಿಸಿದ ಎರಡು. ಬೂಷ್ಟು ಗುಂಪುಗಳ ನಡುವಿನ ಗಾಳಿಯ ಜಾಗದಲ್ಲಿದ್ದರೆ ಒರೆಸಬಹುದು. ಅಂಟಿನ ಪದರದಲ್ಲೇ ಇದ್ದರೆ ಕೈ ಮುಗಿದು ಬನ್ನಿ. ಇನ್ನೊಂದು ಮಾತು: ಬೂಷ್ಟು ಬಿಡುವ ಆಮ್ಲ ಕೋಟಿಂಗನ್ನೂ ಕ್ರಮೇಣ ಗಾಜನ್ನೂ ತಿನ್ನುತ್ತದೆ. ಒರೆಸಿದ ಮೇಲೂ ಎಳೆಯ ಗುರುತು ಉಳಿದರೆ ಅದು ಕಾಯಂ.

ಬಿಚ್ಚುವವರಿಗೆ ಒಂದು ಎಚ್ಚರಿಕೆ. ಗಾಜಿನ ಬ್ಲಾಕು ಫೋಕಸ್ ಕೊಳವೆಯಿಂದ ಹೊರಬಂದಾಗ ಅದರ ಬುಡದಲ್ಲಿ ಕಾಗದದಷ್ಟು ತೆಳುವಾದ ಲೋಹದ ಬಳೆ ಇರಬಹುದು, ಕೆಲವದರಲ್ಲಿ ಎರಡು. ಫೋಕಸ್ ಸರಿಹೊಂದಿಸಲು ಕಾರ್ಖಾನೆಯಲ್ಲೇ ಹಾಕಿದ್ದು. ಅದು ಕಳೆದರೆ ಗಾಜು ಎಷ್ಟೇ ಸ್ವಚ್ಛವಾದರೂ ಚಿತ್ರ ಚೂಪಾಗದು. ಹಿಂದೊಮ್ಮೆ ಯಾರೋ ಬಿಚ್ಚಿದ ಲೆನ್ಸ್‌ನಲ್ಲಿ ಸ್ಕ್ರೂ ತಲೆ ಸವೆದಿರುತ್ತದೆ, ರಿಂಗಿನ ಕಚ್ಚುಗಳಲ್ಲಿ ಹೊಳೆಯುವ ಗೀರು ಇರುತ್ತದೆ. ಹಾಗಿದ್ದರೆ ಫೋಕಸ್ ನೋಡದೆ ದುಡ್ಡು ಕೊಡಬೇಡಿ. ಬ್ಲೇಡುಗಳ ಮೇಲಿನ ಎಣ್ಣೆ ಕಲೆಗೆ ಹೆದರಬೇಡಿ. ಅಪರ್ಚರನ್ನು ನಾವೇ ಕೈಯಿಂದ ತಿರುಗಿಸುವ ಲೆನ್ಸ್ ಇದು, ಚಿತ್ರಕ್ಕೆ ತೊಂದರೆಯಿಲ್ಲ. ಆದರೆ ಅದೇ ಎಣ್ಣೆ ಮುಂದೆ ಮಬ್ಬಾಗಿ ಗಾಜಿಗೆ ಕೂರಬಹುದು. ಸೀರಿಯಲ್ ನಂಬರಿನ ಮೊದಲೆರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ (56 ಎಂದರೆ 1956), ಕೆಂಪು ‘П’ ಅಕ್ಷರವಿದ್ದರೆ ಗಾಜಿಗೆ ಕೋಟಿಂಗ್ ಇದೆ.

ಪ್ರಶ್ನೆ: 39 ಎಂ.ಎಂ. ಥ್ರೆಡ್‌ನ ರಷ್ಯನ್ ಲೆನ್ಸ್ ಕೊಂಡು ಮಿರರ್‌ಲೆಸ್ ಕ್ಯಾಮೆರಾಗೆ ಲೈಕಾ ಥ್ರೆಡ್ ಅಡಾಪ್ಟರ್ ಮೂಲಕ ಹಾಕಿದೆ. ಸರಿಯಾಗಿ ಕೂತಿದೆ, ಆದರೆ ದೂರದ್ದೂ ಇಲ್ಲ, ಹತ್ತಿರದ್ದೂ ಇಲ್ಲ, ಯಾವುದೂ ಫೋಕಸ್ ಆಗುತ್ತಿಲ್ಲ. ಲೆನ್ಸ್ ಕೆಟ್ಟಿದೆಯೇ?
– ಓದುಗರು, ಯಲಹಂಕ

ಉತ್ತರ: ಕೆಟ್ಟಿಲ್ಲ. ಅದು ಹಳೆಯ ಝೆನಿತ್ ಎಸ್‌ಎಲ್‌ಆರ್‌ಗೆ ಮಾಡಿದ ಲೆನ್ಸ್. ಥ್ರೆಡ್ ಒಂದೇ ಅಳತೆ, ಆದರೆ ಮೌಂಟ್‌ನಿಂದ ಫಿಲ್ಮಿಗೆ ಇರಬೇಕಾದ ಅಂತರ ಬೇರೆ. ಲೈಕಾ ಥ್ರೆಡ್‌ಗೆ 28.8 ಎಂ.ಎಂ., ಝೆನಿತ್‌ಗೆ 45.2 ಎಂ.ಎಂ. ನಿಮ್ಮ ಲೆನ್ಸ್ 16.4 ಎಂ.ಎಂ. ಒಳಗೆ ಕೂತಿದೆ. ಅಷ್ಟು ದಪ್ಪದ ಎಕ್ಸ್‌ಟೆನ್ಶನ್ ರಿಂಗ್ ನಡುವೆ ಹಾಕಿದರೆ ಮಿರರ್‌ಲೆಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ರೇಂಜ್‌ಫೈಂಡರ್ ಕ್ಯಾಮೆರಾಗೆ ಮಾತ್ರ ಬಾರದು.

ಮುಂದಿನ ಸಲ ಲೆನ್ಸ್‌ನ ಹಿಂಬದಿ ನೋಡುತ್ತ ಫೋಕಸ್ ತಿರುಗಿಸಿ. ರೇಂಜ್‌ಫೈಂಡರ್ ಲೆನ್ಸ್‌ನಲ್ಲಿ ಥ್ರೆಡ್‌ನ ಒಳಗೆ ಒಂದು ಲೋಹದ ಬಳೆ ಹಿಂದೆ ಮುಂದೆ ಸರಿಯುತ್ತದೆ. ಬಾಡಿಯ ಸನ್ನೆಯನ್ನು ಒತ್ತುವುದು ಅದೇ. ಅದಿಲ್ಲದಿದ್ದರೆ ಅನುಮಾನಿಸಿ. ಫೋಕಸ್ ರಿಂಗೇ ಇಲ್ಲದಿದ್ದರೆ ಅದು ಡಾರ್ಕ್‌ರೂಮಿನ ಎನ್‌ಲಾರ್ಜರ್ ಲೆನ್ಸ್, ಅವುಗಳಲ್ಲೂ 39 ಎಂ.ಎಂ. ಥ್ರೆಡ್ ಸಾಮಾನ್ಯ.

ಪ್ರಶ್ನೆ: ಲೆನ್ಸ್ ಮತ್ತು ರೇಂಜ್‌ಫೈಂಡರ್ ಒಂದಕ್ಕೊಂದು ಹೊಂದುತ್ತವೆಯೇ ಎಂದು ಫಿಲ್ಮ್ ಹಾಕದೆ ತಿಳಿಯಬಹುದೇ?
– ಓದುಗರು, ಜಯನಗರ

ಉತ್ತರ: ಹಿಂಬದಿ ತೆರೆಯುವ ಬಾಡಿಯಾದರೆ ತಿಳಿಯಬಹುದು. ಝೋರ್ಕಿ-4, ಫೆಡ್-2, ಲೈಕಾ ಎಂ3 ನಡೆಯುತ್ತವೆ. ತಳದಿಂದ ಫಿಲ್ಮ್ ಹಾಕುವ ಥ್ರೆಡ್ ಲೈಕಾಗಳಲ್ಲಿ ಆಗದು. ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲೆ ಮಸುಕಾದ ಸೆಲೋ ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ, ಅಂಟು ಲೆನ್ಸ್ ಕಡೆಗಿರಲಿ. ಶಟರ್ ‘ಬಿ’ಗೆ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಸ್ಥಾನ) ಇಟ್ಟು, ಲಾಕ್ ಇರುವ ಕೇಬಲ್ ರಿಲೀಸ್‌ನಿಂದ ತೆರೆದು ಹಿಡಿಯಿರಿ. ಅಪರ್ಚರ್ ಪೂರ್ತಿ ತೆರೆದಿರಲಿ. ಸರಿಯಾಗಿ 1 ಮೀಟರ್ ದೂರದಲ್ಲಿ ದಿನಪತ್ರಿಕೆಯನ್ನು ನಿಲ್ಲಿಸಿ, ರೇಂಜ್‌ಫೈಂಡರ್‌ನಲ್ಲಿ ಎರಡು ಬಿಂಬ ಒಂದಾಗುವಂತೆ ಮಾಡಿ, ಟೇಪಿನ ಮೇಲಿನ ಚಿತ್ರವನ್ನು ಭೂತಗನ್ನಡಿಯಿಂದ ನೋಡಿ. 50 ಎಂ.ಎಂ. ಲೆನ್ಸ್‌ಗೆ ಎಫ್/2ರಲ್ಲಿ ಚೂಪಾಗಿರುವ ಆಳ ಮುಂದೆ ಹಿಂದೆ ಸೇರಿ ಸುಮಾರು 5 ಸೆಂ.ಮೀ. ಮಾತ್ರ, ತಪ್ಪಿದ್ದರೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಬಹು ದೂರದ ಮೊಬೈಲ್ ಟವರಿಗೆ ಹಿಡಿದು ಇನ್ಫಿನಿಟಿಯಲ್ಲೂ ನೋಡಿ.

ಎರಡು ಕಡೆಯೂ ಒಂದೇ ದಿಕ್ಕಿಗೆ ತಪ್ಪಿದರೆ ಗಾಜಿನ ಬ್ಲಾಕಿನ ಬುಡದ ಆ ತೆಳು ಬಳೆ ಬದಲಿಸಿ ಸರಿಪಡಿಸಬಹುದು. ಇನ್ಫಿನಿಟಿ ಸರಿಯಿದ್ದು ಹತ್ತಿರ ಮಾತ್ರ ತಪ್ಪುವುದು ಸೋವಿಯತ್ ಲೆನ್ಸನ್ನು ಲೈಕಾಗೆ ಹಾಕಿದಾಗ ಕಾಣುವ ತೊಂದರೆ. ಅದನ್ನು ಝೋರ್ಕಿ ಅಥವಾ ಫೆಡ್ ಬಾಡಿಯಲ್ಲೇ ಬಳಸಿ, ಇಲ್ಲವೇ ಹತ್ತಿರದ ಚಿತ್ರಕ್ಕೆ ಅಪರ್ಚರನ್ನು ಎಫ್/5.6ಕ್ಕೆ ಇಳಿಸಿ.