ನಿಮ್ಮ ಸುರಂಗದ ಲೇಖನದ ಬಗ್ಗೆ

ಪ್ರಿಯ ಲೇಖಕರೇ,

ಚೀನಾದಲ್ಲಿ ಆಗ ಕೊರೆಯುತ್ತಿದ್ದ ಯೆಸಾನ್‌ಗ್ವಾನ್ ರೈಲು ಸುರಂಗಕ್ಕೆ 2007ರ ಆಗಸ್ಟ್ 5ರಂದು ನೀರು ನುಗ್ಗಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಇಷ್ಟವಾಯಿತು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ.

'ಬೆಟ್ಟ ಇದ್ದಕ್ಕಿದ್ದಂತೆ ಮುನಿಯಿತು' ಎಂದು ಬರೆದಿದ್ದೀರಿ. ಲೇಖನ ಎಡವಿರುವುದು ಇಲ್ಲೇ. ನೀರು ನುಗ್ಗಿದ್ದು ಅರ್ಧ ಗಂಟೆಯಲ್ಲಿ ಇರಬಹುದು, ಆದರೆ ಅದು ಅಲ್ಲಿಗೆ ಬಂದು ಕೂತದ್ದು ಹೇಗೆ? ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕುಗಳನ್ನು ಕರಗಿಸುತ್ತಾ ಹೋಗುತ್ತದೆ. ಸಾವಿರಾರು ವರ್ಷಗಳಲ್ಲಿ ಬಿರುಕು ಗುಹೆಯಾಗುತ್ತದೆ, ಗುಹೆಗಳು ಸೇರಿ ನೆಲದಡಿಯ ಹೊಳೆಯಾಗುತ್ತದೆ. ಕಾರ್ಸ್ಟ್ ಅಂದರೆ ಇಂಥ ನೆಲ, ಯೆಸಾನ್‌ಗ್ವಾನ್ ಸುರಂಗ ಹಾಯುವುದು ಇದರಲ್ಲೇ. ಮೇಲೆ ಜೋರು ಮಳೆಯಾದರೆ ಕೆಳಗಿನ ಹೊಳೆ ಬಹಳ ಬೇಗ ತುಂಬುತ್ತದೆ. ಆಗಸ್ಟ್ ಅಲ್ಲಿ ಮಳೆಗಾಲ. ಇದನ್ನು ನೀವು ಹೇಳಿಯೇ ಇಲ್ಲ.

ಒತ್ತಡವನ್ನೂ ಲೆಕ್ಕ ಹಾಕಿ ತೋರಿಸಿ. ನೀರಿನ ಎತ್ತರ 100 ಮೀಟರ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 10 ಕೆಜಿ ಭಾರ ಬೀಳುತ್ತದೆ. ಪ್ರತಿ ಬ್ಲಾಸ್ಟ್ ಆದಾಗಲೂ ಕೆಲಸಗಾರರಿಗೂ ಆ ನೀರಿಗೂ ನಡುವಿನ ಕಲ್ಲು ತೆಳುವಾಗುತ್ತದೆ. ಒಂದು ಹಂತದಲ್ಲಿ ಅದು ತಡೆಯಲಾರದು. ಅಂದು ಸುಮಾರು 1.5 ಲಕ್ಷ ಘನ ಮೀಟರ್ ನೀರು ನುಗ್ಗಿತು, ಅಂದರೆ 15 ಕೋಟಿ ಲೀಟರ್. ಜೊತೆಗೆ ಕೆಸರು, ಬಂಡೆ. 10 ಮಂದಿ ಜೀವ ಕಳೆದುಕೊಂಡರು. 'ಅಪಾರ ಜಲರಾಶಿ' ಅನ್ನುವ ಬದಲು ಇಷ್ಟನ್ನೇ ಬರೆದರೆ ಸಾಕು.

ಯೆಸಾನ್‌ಗ್ವಾನ್ ಇರುವ ಯಿಚಾಂಗ್–ವಾನ್‌ಝೌ ರೈಲು ಮಾರ್ಗದ್ದೇ ಆದ ಮಾಲುಚಿಂಗ್ ಸುರಂಗದಲ್ಲಿ 2006ರ ಜನವರಿಯಲ್ಲೇ ನೀರು ನುಗ್ಗಿ ಜನ ಸತ್ತಿದ್ದರು. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ಮುಖ್ಯ ಅನ್ನಿಸಿತು. ಮುಂಚೆಯೇ ಗೊತ್ತಿದ್ದ ಅಪಾಯ ಇದು, ಅಲ್ವಾ? ಹಾಗಾಗಿ ತಡೆಯುವ ಕೆಲಸದ ಬಗ್ಗೆ ಜಾಸ್ತಿ ಬರೆಯಿರಿ. ಮುಂದಿನ ಕಲ್ಲಿಗೆ ಉದ್ದನೆಯ ಡ್ರಿಲ್ ಹಾಕಿ ನೋಡುವುದು, ರಂಧ್ರದಿಂದ ಬರುವ ನೀರು ಹೆಚ್ಚುತ್ತಿದೆಯೇ, ಕೆಸರಾಗುತ್ತಿದೆಯೇ ಎಂದು ಗಮನಿಸುವುದು, ಬಿರುಕಿಗೆ ಒತ್ತಡದಲ್ಲಿ ಸಿಮೆಂಟ್ ಹಾಲು ತುಂಬುವುದು. ಆ ಮಾರ್ಗದಲ್ಲಿ ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ಗುಹೆಯನ್ನು ತಾವೇ ಒಡೆದು ನೀರು ಹರಿಸಿ, ಒತ್ತಡ ಇಳಿದ ಮೇಲೆ ಒಳಗೆ ಹೋಗುವ ಕ್ರಮವೂ ಬಂತು. ಎಂಥ ಧೈರ್ಯದ ತೀರ್ಮಾನ ಅದು! ನಿಮ್ಮ ಲೇಖನದ ಜೀವ ಅಲ್ಲಿರಬೇಕು.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿ ಕೇಳಬಹುದು. ಸತ್ತ ಕೆಲಸಗಾರರ ಬಾಯಲ್ಲಿ ಕೊನೆಯ ಮಾತುಗಳನ್ನು ನೀವೇ ಹುಟ್ಟಿಸಿ ಹಾಕಿದ್ದೀರಿ. ದಯವಿಟ್ಟು ತೆಗೆಯಿರಿ. ಅವರು ನಿಜವಾದ ಜನ, ಅವರಿಗೆ ಮನೆಯವರಿದ್ದಾರೆ.

ಸಕಲೇಶಪುರದ ಘಾಟಿ ಸುರಂಗಗಳಿಗೂ ಇದೇ ಅಪಾಯ ಎಂಬ ಸಾಲೂ ಬೇಡ. ಅಲ್ಲಿರುವುದು ಹೆಚ್ಚಾಗಿ ನೈಸ್ (gneiss) ಎಂಬ ಗಟ್ಟಿ ಕಲ್ಲು. ಬಿರುಕಿನಿಂದ ನೀರು ಜಿನುಗುತ್ತದೆ ನಿಜ, ಆದರೆ ಆ ಕಲ್ಲು ಹೀಗೆ ಕರಗಿ ಗುಹೆಯಾಗುವುದಿಲ್ಲ. ಓದುಗರನ್ನು ಸುಮ್ನೆ ಹೆದರಿಸಬೇಡಿ.

ಮೊದಲ ಮೂರು ಪ್ಯಾರಾ ಬಿಟ್ಟು, ಡ್ರಿಲ್ ಕೆಲಸದಿಂದಲೇ ಶುರು ಮಾಡಿ ಮತ್ತೆ ಕಳಿಸಿ. ಸುರಂಗ, ಗುಹೆ, ಮೇಲಿನ ಬೆಟ್ಟ ಮೂರೂ ಕಾಣುವ ಒಂದು ರೇಖಾಚಿತ್ರವನ್ನು ಕೈಯಲ್ಲೇ ಬರೆದು ಜೊತೆಗಿಡಿ. ನಮ್ಮ ಕಲಾವಿದರು ಅದನ್ನು ತಿದ್ದಿಕೊಡುತ್ತಾರೆ.

ಪ್ರೀತಿಯಿಂದ,
ಸಂಪಾದಕ