ರಾತ್ರಿ ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವ ಅಪ್ಪನಿಗೆ ಬೆಳಿಗ್ಗೆ ಗ್ರೇಪ್‌ಫ್ರೂಟ್ ಜೇನು ಪಾನಕ ಕೊಡಬಹುದಾ? ಎಷ್ಟು ಗಂಟೆ ಅಂತರ ಇರಬೇಕು?

ಅಂತರದ ಲೆಕ್ಕವನ್ನೇ ಬಿಡಿ. ಅಪ್ಪನ ಮಾತ್ರೆ ಅಟೋರ್ವಾಸ್ಟಾಟಿನ್ ಅಂತ ಬರೆದಿದ್ದೀರಿ. ಹಾಗಿದ್ದರೆ ಆ ಪಾನಕದ ಬಾಟಲಿ ಅವರಿಗಲ್ಲ.

ನಾನು ಕೊರಿಯಾದ ಸುವೊನ್‌ನಲ್ಲಿದ್ದೆ. ಅಲ್ಲಿ ಹಣ್ಣನ್ನು ಸಕ್ಕರೆ ಅಥವಾ ಜೇನಿನಲ್ಲಿ ನೆನೆಹಾಕಿಟ್ಟು, ಚಳಿಗೆ ಬಿಸಿನೀರಲ್ಲಿ ಕಲಸಿ ಕುಡಿಯುತ್ತಾರೆ. ನಿಂಬೆ ಜಾತಿಯ ಯೂಜಾ ಹಣ್ಣಿನದು ಹೆಸರುವಾಸಿ. ನನಗೆ ಮಾತ್ರ ಗ್ರೇಪ್‌ಫ್ರೂಟಿನ ‘ಜಾಮೊಂಗ್ ಚೊಂಗ್’ ಹುಚ್ಚು. ಸಿಪ್ಪೆ, ಬಿಳಿ ಭಾಗ, ತೊಳೆಯ ಪೊರೆ ಎಲ್ಲ ಬಿಡಿಸಬೇಕು, ಇಲ್ಲದಿದ್ದರೆ ಕಹಿ. ತೊಳೆಯಷ್ಟೇ ತೂಕದ ಜೇನು. ಹಣ್ಣು ನೀರು ಬಿಟ್ಟು ಜೇನು ತೆಳ್ಳಗಾಗುತ್ತದೆ, ಆದ್ದರಿಂದ ಫ್ರಿಜ್‌ನಲ್ಲೇ ಇಡಬೇಕು. ಹೊರಗಿಟ್ಟರೆ ನೊರೆ ಬರುತ್ತದೆ.

ತುಮಕೂರಿಂದ ನನ್ನ ಅಪ್ಪ ಬಂದರು, ಇದೇ ಮಾತ್ರೆಯ ಕಟ್ಟು ಸಮೇತ. ಬೆಳಿಗ್ಗೆ ಒಂದು ದೊಡ್ಡ ಕಪ್ ಪಾನಕ, ರಾತ್ರಿ ಊಟ ಆದಮೇಲೆ ಮಾತ್ರೆ. ಗ್ರೇಪ್‌ಫ್ರೂಟಿಗೂ ಕೆಲವು ಮಾತ್ರೆಗೂ ಆಗಿಬರಲ್ಲ ಅಂತ ಕೇಳಿದ್ದೆ. ಒಟ್ಟಿಗೆ ಕೊಡುತ್ತಿಲ್ಲವಲ್ಲ, ಏನಾಗುತ್ತೆ ಅಂದುಕೊಂಡೆ.

ಎಡವಿದ್ದು ಅಲ್ಲೇ. ಹಣ್ಣೂ ಮಾತ್ರೆಯೂ ಹೊಟ್ಟೆಯಲ್ಲಿ ಎದುರುಬದುರಾಗಿ ಜಗಳ ಆಡುವುದಿಲ್ಲ. ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಅನ್ನುವ ಕಿಣ್ವ ಇದೆ. ಮಾತ್ರೆಯ ಒಂದು ಪಾಲನ್ನು ಅದು ರಕ್ತಕ್ಕೆ ಸೇರುವ ಮೊದಲೇ ಒಡೆದುಹಾಕುತ್ತದೆ. ಡಾಕ್ಟರ್ ಕೊಡುವ ಡೋಸ್ ಈ ನಷ್ಟವನ್ನೂ ಹಿಡಿದೇ ಲೆಕ್ಕ ಹಾಕಿದ್ದು. ಗ್ರೇಪ್‌ಫ್ರೂಟಿನಲ್ಲಿರುವ ಫ್ಯೂರಾನೊಕೂಮರಿನ್ ಅನ್ನುವ ರಾಸಾಯನಿಕಗಳು ಆ ಕಿಣ್ವವನ್ನೇ ಕೆಡಿಸಿಬಿಡುತ್ತವೆ. ಕೆಟ್ಟದ್ದು ರಿಪೇರಿ ಆಗಲ್ಲ, ದೇಹ ಹೊಸದು ಮಾಡಿಕೊಳ್ಳಬೇಕು. ಅದಕ್ಕೆ 2-3 ದಿನ ಬೇಕಾಗಬಹುದು. ಅಷ್ಟರಲ್ಲಿ ನಾನು ಮತ್ತೊಂದು ಕಪ್ ಕೊಟ್ಟಿರುತ್ತಿದ್ದೆ. ಹಾಗಾಗಿ ದಿನಾ ರಾತ್ರಿ ಚೀಟಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಔಷಧಿ ರಕ್ತಕ್ಕೆ ಹೋಗುತ್ತಿತ್ತು.

ತೊಡೆ ನೋವು ಶುರುವಾಯಿತು. ಚಳಿಗೆ ಅಂತ ಎಣ್ಣೆ ತಿಕ್ಕಿದೆವು. ಆಮೇಲೆ ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾಯಿತು. ರಕ್ತ ಪರೀಕ್ಷೆಯಲ್ಲಿ ಸಿಕೆ ಅನ್ನುವ ಸ್ನಾಯುವಿನ ಕಿಣ್ವ ಏರಿತ್ತು, ಅಂದರೆ ಜಾಸ್ತಿಯಾದ ಔಷಧಿಯಿಂದ ಸ್ನಾಯು ಹಾಳಾಗುತ್ತಿದೆ ಅಂತ. ಡಾಕ್ಟರ್ ಮೊದಲು ಕೇಳಿದ್ದೇ ಏನು ಕುಡಿಯುತ್ತಾರೆ ಅಂತ. ಅವರು ಹೇಳಿದ ಮೇಲೆ ಮಾತ್ರೆ, ಪಾನಕ ಎರಡೂ ನಿಂತವು, ನೋವು ಇಳಿಯಿತು. ಇನ್ಶೂರೆನ್ಸ್‌ನವರು ಹಳೇ ಕಾಯಿಲೆ ಅಂತ ಕೈ ಎತ್ತಿದರು, ಬಿಲ್ ಪೂರ್ತಿ ನಮ್ಮ ತಲೆಗೆ.

‘ಜೇನು ಇದೆಯಲ್ಲ, ಒಳ್ಳೆಯದೇ’ ಅಂದಿದ್ದೀರಿ. ಜೇನು ಇಲ್ಲಿ ಏನೂ ಮಾಡಲ್ಲ. ಡಬ್ಬದ ಗ್ರೇಪ್‌ಫ್ರೂಟ್ ಜ್ಯೂಸೂ ಅದೇ. ದೇವನಹಳ್ಳಿ ಚಕ್ಕೋತ ಹಾಕಿ ಮಾಡುತ್ತೇನೆ ಅಂತಲೂ ಹೊರಡಬೇಡಿ. ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಬಂದದ್ದೇ ಗ್ರೇಪ್‌ಫ್ರೂಟ್. ಚಕ್ಕೋತದಲ್ಲೂ ಅದೇ ಫ್ಯೂರಾನೊಕೂಮರಿನ್. ಕೊಡಗಿನ ಕಿತ್ತಳೆಯಲ್ಲಿ ಮಾಡಿಕೊಡಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಅದೂ ಬೇಡ, ಅರ್ಧ ಜೇನೇ ಅಲ್ವಾ.

ನಮ್ಮ ಮೆಡಿಕಲ್ ಶಾಪಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ಎಚ್ಚರಿಕೆ ಬರೆದ ಕಾಗದ ಮನೆಗೆ ಬರುವುದೇ ಇಲ್ಲ. ಬಿಪಿ ಮಾತ್ರೆಗಳಲ್ಲಿ ನಿಫೆಡಿಪಿನ್, ಫೆಲೋಡಿಪಿನ್‌ಗೂ, ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್‌ಗೂ ಇದೇ ಕಥೆ. ಹಣ್ಣು ಬಿಡಲು ಅಪ್ಪ ಒಪ್ಪದಿದ್ದರೆ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ರೋಸುವಾಸ್ಟಾಟಿನ್ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ, ಅದಕ್ಕೆ ಈ ತೊಂದರೆ ಅಷ್ಟಾಗಿ ಇಲ್ಲ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.